ಎಂಟು ಸೀರೆಯ ಹಗ್ಗ

ಕಪನಯ್ಯನವರು ಲಾರಿ ಮಾಲೀಕರ ಸಂಘದಲ್ಲಿ ಭಾಷಣ ಮಾಡಿದ ಮಾರನೇ ಬೆಳಿಗ್ಗೆ ನಮ್ಮ ಅಕ್ಕ ಚರಂಡಿಗೆ ಬಿದ್ದಳು. ತಪ್ಪು ಅವಳದಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ನಮ್ಮ ಕೋಣೆಯ ಹೊಸ್ತಿಲು ದಾಟಿ ನೇರವಾಗಿ ಏಳು ಹೆಜ್ಜೆ ಇಡುತ್ತಿದ್ದಳು. ಏಳನೆಯ ಹೆಜ್ಜೆಗೆ ಚರಂಡಿಯ ಮೇಲಿನ ಚಪ್ಪಡಿ ಕಲ್ಲು ಕಾಲಿಗೆ ಸಿಗುತ್ತಿತ್ತು, ಅಲ್ಲಿಂದ ಮೂರು ಹೆಜ್ಜೆಗೆ ನಲ್ಲಿ. ಕಣ್ಣು ಕಾಣದವಳಿಗೆ ಅಷ್ಟು ಲೆಕ್ಕ ಸಾಕಾಗಿತ್ತು. ಆ ದಿನವೂ ಏಳೇ ಹೆಜ್ಜೆ ಇಟ್ಟಳು. ಮನೆ ತಿರುಗಿತ್ತು.

ನಮ್ಮೂರಿನ ಮನೆಗಳು ಬೀಸುವ ಕಲ್ಲಿನ ಹಾಗೆ. ಕೆಳಗೆ ದುಂಡನೆಯ ಕಲ್ಲು ಜಗಲಿ, ಅದು ಅಲ್ಲಾಡುವುದಿಲ್ಲ. ಮೇಲಿನ ಮನೆ ಮಾತ್ರ, ಯಜಮಾನ ನಾಲ್ಕು ಜನರ ಮುಂದೆ ಆಡಿದ ಮಾತನ್ನು ನಾಲ್ಕು ಜನರ ಮುಂದೆಯೇ ಬದಲಾಯಿಸಿದರೆ, ಮಾರನೇ ದಿನ ಕೋಳಿ ಕೂಗುವ ಹೊತ್ತಿಗೆ ಕಾಲು ಸುತ್ತು ತಿರುಗಿ ನಿಂತಿರುತ್ತದೆ. ಒಳಗೆ ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ರಂಗೋಲಿ ಡಬ್ಬಿ ಹಿಡಿದು ಬಾಗಿಲು ತೆಗೆದ ಸೊಸೆಗೆ ಬೀದಿಯ ಬದಲು ಪಕ್ಕದ ಮನೆಯ ಹಿತ್ತಲು ಕಂಡರೆ, "ಮಾವನೋರು ನಿನ್ನೆ ಎಲ್ಲೋ ನಾಲಿಗೆ ಜಾರಿದಾರೆ" ಎಂದುಕೊಂಡು ಅಲ್ಲೇ ಕೂತು ಎಳೆ ಎಳೆಯುತ್ತಾಳೆ. ಗಂಡು ನೋಡಲು ಹೋದವರು ಮೊದಲು ಹುಡುಗನ ಮುಖ ನೋಡುವುದಿಲ್ಲ, ಮನೆ ಯಾವ ಕಡೆ ಮುಖ ಮಾಡಿದೆ ನೋಡುತ್ತಾರೆ. ನಲ್ಲಿಯನ್ನು ಯಾರೂ ಗೋಡೆಗೆ ಕೂರಿಸುವುದಿಲ್ಲ, ಅಂಗಳದಲ್ಲಿ ಕಂಬ ನೆಟ್ಟು ಅದಕ್ಕೆ ಕಟ್ಟುತ್ತಾರೆ. ಲೈನ್‌ಮನ್ ದಸ್ತಗೀರ್ ಸಾಹೇಬರು ಪ್ರತಿ ಮನೆಯ ಕರೆಂಟು ಕಂಬದಲ್ಲಿ ಒಂದಿಷ್ಟು ಹೆಚ್ಚಿನ ತಂತಿಯನ್ನು ಸಿಂಬೆ ಸುತ್ತಿ ಬಿಟ್ಟಿರುತ್ತಾರೆ. ಯಾರ ಮನೆಗೆ ಎಷ್ಟು ಬಿಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಬಾಡಿಗೆಗೆ ಇರುವವರ ಮಾತಿಗೆ ಮಾತ್ರ ಮನೆ ಕಿವಿಗೊಡುವುದಿಲ್ಲ. ಆದ್ದರಿಂದ ನಾಲಿಗೆ ಸಡಿಲವಿರುವವರು ನಮ್ಮೂರಲ್ಲಿ ಸ್ವಂತ ಮನೆ ಕಟ್ಟಿಸುವ ಗೋಜಿಗೆ ಹೋಗುವುದಿಲ್ಲ.

ನಾನೂ ಅಕ್ಕನೂ ಕಪನಯ್ಯನವರ ಮನೆಯ ಹಿಂಭಾಗದ ಕೋಣೆಯಲ್ಲಿ ಇರುವವರು. ಅವರದು ಹಿಟ್ಟಿನ ಗಿರಣಿ. ಅಕ್ಕ ನರಸಮ್ಮ ಅಲ್ಲಿ ಮೆಣಸಿನಪುಡಿ ಜರಡಿ ಹಿಡಿಯುತ್ತಿದ್ದಳು, ನಾನು ರಾಗಿ ಹಿಟ್ಟು. ಅಕ್ಕನ ಕಣ್ಣು ಪೂರ್ತಿ ಹೋದ ವರ್ಷ ಕಪನಯ್ಯನವರು ಗಿರಣಿಯ ಸಾಲಿನಲ್ಲಿ ನಿಂತಿದ್ದವರೆಲ್ಲರ ಮುಂದೆ, "ಅಕ್ಕಯ್ಯ, ನೀವಿಬ್ರೂ ಇರೋವರ್ಗೂ ಹಿಂದಿನ ಕೋಣೆ ನಿಮ್ದೇ. ಇದು ನನ್ ಮಾತು" ಅಂದರು. ಅಂದ ಹಾಗೆ ನಡೆದುಕೊಂಡರು. ಒಳ್ಳೆಯ ಮನುಷ್ಯ. ಅವರ ತೊಂದರೆ ಒಂದೇ, ಎದುರಿಗೆ ನಿಂತವರಿಗೆ ಇಲ್ಲ ಅನ್ನಲು ಬಾರದು. ಒಬ್ಬಳು "ನುಣ್ಣಗೆ ಬೀಸಣ್ಣ" ಅಂದರೆ "ಆಗ್ಲಿ" ಅನ್ನುವರು. ಅವಳ ಹಿಂದೆ ನಿಂತವಳು "ತರಿತರಿ ಇರ್ಲಣ್ಣ" ಅಂದರೆ "ಆಗ್ಲಿ ತಾಯಿ" ಅನ್ನುವರು. ಗಿರಣಿಯಲ್ಲಿ ಇದು ನಡೆಯುತ್ತಿತ್ತು. ಅವರವರ ರಾಗಿ ಅವರವರ ಡಬ್ಬದಲ್ಲಿ. ಆದರೆ ಊರಿಗೆ ಇರುವುದು ಒಂದೇ ಕೆರೆ.

ಪುರಸಭೆ ಅಧ್ಯಕ್ಷರ ಚುನಾವಣೆಗೆ ಅವರು ನಿಂತದ್ದು ಮಲ್ಲೇಶಿಯ ಮಾತು ಕೇಳಿ. ಮಲ್ಲೇಶಿ ಅಂದರೆ ಪ್ರತಿ ಚುನಾವಣೆಯಲ್ಲೂ ಯಾರಾದರೊಬ್ಬರ ಹಿಂದೆ ಓಡಾಡುವವನು, ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲಿ ಇರುವವನು. "ಅಣ್ಣಾ, ಇಪ್ಪತ್ತೆರಡು ವರ್ಷದಿಂದ ನಿಮ್ ಮನೆ ಒಂದಂಗುಲ ಅಲ್ಲಾಡಿಲ್ಲ. ಊರಲ್ಲಿ ಇನ್ಯಾರಿದಾರೆ ಹೇಳಿ ಹಂಗೆ?" ಎಂದು ಅವನು ಕೇಳಿದ. ಕಪನಯ್ಯನವರು "ಆಗ್ಲಿ" ಅಂದರು.

ಚುನಾವಣೆಗೆ ನಿಂತವರ ಮನೆಗೆ ನಮ್ಮಲ್ಲಿ ಗೆರೆ ಹಾಕುತ್ತಾರೆ. ಅರ್ಜಿ ಕೊಟ್ಟ ದಿನ ಚಿಕ್ಕಣ್ಣ ಮೇಷ್ಟ್ರು ಕೆಮ್ಮಣ್ಣಿನ ಡಬ್ಬಿ ಹಿಡಿದು ಬಂದು, ಮುಂಬಾಗಿಲ ನೇರಕ್ಕೆ ಜಗಲಿಯ ಕಲ್ಲಿನ ಮೇಲೆ ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಮನೆಯ ಸುತ್ತ, ಅಂಗಳ ನಲ್ಲಿ ಎಲ್ಲ ಸೇರಿಸಿ, ಆಳೆತ್ತರದ ತೆಂಗಿನ ಗರಿಯ ತಟ್ಟಿ ಕಟ್ಟುತ್ತಾರೆ. ವೋಟಿನ ಹಿಂದಿನ ದಿನ ತಟ್ಟಿ ಬಿಚ್ಚುವುದು. ಜನ ಬಂದು ಬಾಗಿಲೂ ಗೆರೆಯೂ ಒಂದಕ್ಕೊಂದು ಕೂಡಿದೆಯೇ ನೋಡಿಕೊಂಡು ಹೋಗುವುದು. ಮೊದಲು ತಟ್ಟಿ ಇರಲಿಲ್ಲವಂತೆ. ಜನ ಹೊಲ ಗದ್ದೆ ಅಂಗಡಿ ಬಿಟ್ಟು ತಿಂಗಳುಗಟ್ಟಲೆ ಮನೆಗಳ ಮುಂದೆಯೇ ಕೂತಿರುತ್ತಿದ್ದರಂತೆ. ತಟ್ಟಿಯೊಳಗೆ ಇರುವವರು ಒಳಗೆ ಕಂಡದ್ದನ್ನು ಹೊರಗೆ ಹೇಳಬಾರದು. ನಾವೂ ಮೇಷ್ಟ್ರ ಮುಂದೆ ಹಾಗೆಂದು ಮಾತು ಕೊಟ್ಟಿದ್ದೆವು. ಬಾಡಿಗೆಯವರಾದರೂ ಮಾತು ಮಾತೇ.

ಗೆರೆ ಹಾಕಿದ ವಾರ ಕಪನಯ್ಯನವರು ಬೆಸ್ತರ ಬೀದಿಗೆ ಹೋಗಿ, "ನಾನು ಗೆದ್ರೆ ಕೆರೆ ಮುಟ್ಟೋಕೆ ಯಾರ್ಗೂ ಬಿಡಲ್ಲ" ಅಂದರು. ಬೆಸ್ತರು ಹಾರ ಹಾಕಿದರು. ಎರಡು ದಿನ ಬಿಟ್ಟು ಲಾರಿ ಮಾಲೀಕರು ಕರೆಸಿ, ಕೋಸಂಬರಿ ಪಾನಕ ಕೊಟ್ಟು, "ಕೆರೆ ಮುಚ್ಚಿ ಬಸ್ ಸ್ಟ್ಯಾಂಡ್ ಮಾಡಿಸ್ಬೇಕು ಯಜಮಾನ್ರೇ" ಅಂದರು. ಅವರು ಎದುರಿಗೇ ನಿಂತಿದ್ದರು. ಇವರು ಆಗ್ಲಿ ಅಂದುಬಿಟ್ಟರು. ಅಕ್ಕ ಚರಂಡಿಗೆ ಬಿದ್ದದ್ದು ಹೀಗೆ.

ನಾನು ಎತ್ತಿ ಕೂರಿಸಿದೆ. ಪಾದ ಉಳುಕಿತ್ತು, ಕೊಡ ಸೊಟ್ಟಗಾಗಿತ್ತು. ಸದ್ದು ಕೇಳಿ ಕಪನಯ್ಯನವರೂ ಅವರ ಹೆಂಡತಿ ಸಾಕಮ್ಮನವರೂ ಬಂದರು. ಬರಲು ಹೊತ್ತು ಹಿಡಿಯಿತು, ಅವರ ಬಾಗಿಲು ಪಕ್ಕದ ಕೆಂಪಣ್ಣನ ಎಮ್ಮೆ ಕೊಟ್ಟಿಗೆಯ ಕಡೆಗೆ ತಿರುಗಿಬಿಟ್ಟಿತ್ತು.

"ಏನಾಯ್ತು ಅಕ್ಕಯ್ಯ?"

"ಏನಾಗುತ್ತೆ ಕಪನಯ್ಯ. ನೀನು ಅಲ್ಲಿ ಜಾರ್ದೆ, ನಾನು ಇಲ್ಲಿ ಬಿದ್ದೆ" ಅಂದಳು ಅಕ್ಕ, ಸೀರೆ ಹಿಂಡುತ್ತ. "ಬಸ್ ಸ್ಟ್ಯಾಂಡ್ ಮಾಡ್ಸು, ಬೇಡ ಅನ್ನಲ್ಲ. ಮೊದ್ಲು ಚರಂಡಿ ಮುಚ್ಚಿಸು."

ಅಂದೇ ನಾನು ನಮ್ಮ ಬಾಗಿಲ ಬಳೆಗೆ ಒಂದು ಹಳೆಯ ಸೀರೆ ಹುರಿ ಮಾಡಿ ಕಟ್ಟಿದೆ. ಜಗಲಿಯಂಚಿನಲ್ಲಿ ಕಂಬದಿಂದ ಕಂಬಕ್ಕೆ ಅದನ್ನು ಕಾಲು ಸುತ್ತು ತಂದೆ. ಅಲ್ಲಿಂದ ಚಪ್ಪಡಿ ದಾಟಿಸಿ ನಲ್ಲಿಯ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಸೇರಿಸಿದೆ. ಅಕ್ಕ ಹಗ್ಗ ಹಿಡಿದು ಹೋಗಬೇಕು, ಹಿಡಿದು ಬರಬೇಕು. "ಹಸು ಕಟ್ದಂಗೆ ಕಟ್ಟಿದೀಯ" ಎಂದು ಬೈದಳು. ಆದರೆ ಹೋಗಿಬಂದಳು.

ಲಾರಿಯವರ ಸುದ್ದಿ ಬೆಸ್ತರ ಬೀದಿಗೆ ಗಾಳಿಯಲ್ಲಿ ಮುಟ್ಟಿತು. ಗಾಳಿಮಾತನ್ನು ನಮ್ಮೂರಲ್ಲಿ ಯಾರೂ ನೆಚ್ಚುವುದಿಲ್ಲ, ಮನೆ ನೋಡದೆ ಮಾತಾಡುವುದಿಲ್ಲ. ಆದರೂ ಕರೆದು ಕೇಳಿದರು. ಕಪನಯ್ಯನವರು, "ಕೆರೆ ಮುಚ್ಚೋದಾ? ನನ್ ಹೆಣದ ಮೇಲೆ" ಅಂದರು. ಮಾರನೇ ಬೆಳಿಗ್ಗೆ ಮನೆ ಇನ್ನೊಂದು ಕಾಲು ಸುತ್ತು ತಿರುಗಿ, ನನ್ನ ಗಂಟು ಕಿತ್ತುಹೋಗಿತ್ತು. ಎರಡನೇ ಸೀರೆ ಸೇರಿಸಿದೆ. ದಸ್ತಗೀರ್ ಸಾಹೇಬರ ಬುದ್ಧಿ ನನಗೂ ಬಂತು: ಅಂದಿನಿಂದ ನಲ್ಲಿಯ ಕಂಬದಲ್ಲಿ ಯಾವಾಗಲೂ ಒಂದು ಸೀರೆಯಷ್ಟು ಹೆಚ್ಚಿನ ಹಗ್ಗವನ್ನು ಸಡಿಲವಾಗಿ ಸುತ್ತಿ ಬಿಡುತ್ತಿದ್ದೆ. ಮನೆ ತಿರುಗಿದಾಗ ಅದು ತಾನೇ ಬಿಚ್ಚಿಕೊಂಡು ಹೋಗುತ್ತಿತ್ತು. ಹದಿನೆಂಟು ಮೊಳದ ಒಂದು ಸೀರೆ, ಮನೆಯ ಕಾಲು ಸುತ್ತಿಗೆ ಅಳೆದು ನೇಯ್ದ ಹಾಗೆ ಸರಿಹೋಗುತ್ತಿತ್ತು.

ಮೂರನೇ ಸಲ ಅಂಗಡಿ ಬೀದಿಯಲ್ಲಿ ಬಸ್ ಸ್ಟ್ಯಾಂಡ್ ಮತ್ತೆ ಬಂತು. ಸಾಕಮ್ಮನವರ ಅಡುಗೆಮನೆಗೆ ಗಾಳಿ ತಿರುಗಿ ಹೊಗೆಯೆಲ್ಲ ಒಳಗೇ ನಿಂತಿತು. ಅವರು ಕಣ್ಣೊರೆಸಿಕೊಳ್ಳುತ್ತ, "ರೀ, ಇವತ್ತು ಯಾವ್ ಬೀದಿ? ಹೇಳ್ಬಿಡಿ, ಹಪ್ಪಳ ಯಾವ್ ಕಡೆ ಒಣಹಾಕ್ಬೇಕು ನೋಡ್ಕೋತೀನಿ" ಅನ್ನುತ್ತಿದ್ದರು. ನಾಲ್ಕನೇ ಸಲ ಸಂತೆಯ ವಿಚಾರ. ಮಂಗಳವಾರವೇ ಇರಲಿ ಅಂದಿದ್ದವರು ತರಕಾರಿಯವರ ಮುಂದೆ ಶುಕ್ರವಾರ ಅಂದರು.

ಆ ನಾಲ್ಕನೇ ಬೆಳಿಗ್ಗೆ ಮಲ್ಲೇಶಿ ತಟ್ಟಿ ಸರಿಸಿ ಒಳಗೆ ಬಂದವನು ಜಗಲಿಯ ಮುಂದೆ ನಿಂತುಬಿಟ್ಟ. ಬಾಗಿಲು ಗೆರೆಯ ನೇರಕ್ಕೆ ಬಂದು ಕೂತಿತ್ತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಅಣ್ಣಾ! ಅಣ್ಣಾ, ಈಚೆ ಬನ್ನಿ! ನಾಲ್ಕು ಸಲ ಮಾತು ಬದ್ಲಾಯಿಸಿದ್ರೆ ಒಂದ್ ಸಲಾನೂ ಬದ್ಲಾಯಿಸ್ದೇ ಇದ್ದಂಗೆ! ಇಷ್ಟ್ ವರ್ಷದಿಂದ ಯಾವ್ ನನ್ಮಗನಿಗೂ ಹೊಳ್ದಿಲ್ವಲ್ಲಣ್ಣ!"

ಹಿಂದಿನ ಚುನಾವಣೆಗಳಲ್ಲಿ ನಿಂತವರು ಒಂದೋ ಎರಡೋ ಸಲ ಬದಲಾಯಿಸಿ, ಹೆದರಿ ಅಲ್ಲಿಗೇ ಬಾಯಿ ಮುಚ್ಚುತ್ತಿದ್ದರು. ಮನೆ ಅಡ್ಡಡ್ಡ ನಿಂತು ಸೋಲುತ್ತಿದ್ದರು. ಮಲ್ಲೇಶಿಯ ಪ್ರಕಾರ ಅವರೆಲ್ಲ ಧೈರ್ಯ ಸಾಲದೆ ಸೋತವರು. "ಈಗ ಹೆದರ್ಬೇಡಿ, ಇನ್ನೊಂದ್ ನಾಲ್ಕು ಬಾಕಿ ಇದೆ ಅಂದ್ಕೊಂಡು ಮಾತಾಡಿ" ಎಂದು ಅವನು ಕಪನಯ್ಯನವರ ಬೆನ್ನು ತಟ್ಟಿದ.

ನಾನು ಕೋಣೆಗೆ ಬಂದು ಅಕ್ಕನಿಗೆ, "ಬಾಗಿಲು ಮೊದ್ಲಿನಂಗೇ ಬಂದಿದೆ. ಹಗ್ಗ ಬಿಚ್ಚಿ ನೆಟ್ಟಗೆ ಕಟ್ತೀನಿ ಕಣಕ್ಕ, ಏಳೇ ಹೆಜ್ಜೆ ಆಗುತ್ತೆ" ಅಂದೆ.

"ಬಿಚ್ಬೇಡ" ಅಂದಳು ಅಕ್ಕ. "ನೀನು ಬಿಚ್ಚಿ ಕಟ್ಟೋ ಅಷ್ಟ್ರಲ್ಲಿ ಅವನದು ಇನ್ನೊಂದು ಭಾಷಣ ಆಗಿರುತ್ತೆ. ಸುತ್ಲಿ ಬಿಡು. ನನಗೂ ಮಂಡಿ ಸಡಿಲಾಗಿದೆ."

ಹಾಗಾಗಿ ಅಕ್ಕ ನೀರಿಗೆ ಹೋಗಬೇಕಾದರೆ ಮನೆಗೆ ಒಂದು ಪೂರ್ತಿ ಸುತ್ತು ಹಾಕಿ ಹೋಗುತ್ತಿದ್ದಳು. ಮುಂಬಾಗಿಲಿಗೆ ಹಗ್ಗ ಅಡ್ಡ ಬರುತ್ತದೆಂದು ಸಾಕಮ್ಮನವರು ಅಲ್ಲಿ ಮಾತ್ರ ಅದನ್ನು ಬಾಗಿಲ ಮೇಲಿನ ಎರಡು ಮೊಳೆಗೆ ಸಿಕ್ಕಿಸಿದ್ದರು. ಅಲ್ಲಿಗೆ ಬಂದಾಗ ಅಕ್ಕ ಕೈ ಮೇಲೆತ್ತಿ ಹಗ್ಗ ಸವರಿಕೊಂಡು ದಾಟುತ್ತಿದ್ದಳು. ದೂರದಿಂದ ನೋಡಿದರೆ ಅವಳೇ ಚುನಾವಣೆಗೆ ನಿಂತು ಜನಕ್ಕೆ ಕೈ ಬೀಸುವ ಹಾಗಿತ್ತು.

ಐದನೆಯದು ಗುಡಿಯ ಮೈಕಿನ ವಿಚಾರ, ಆರನೆಯದು ಹಂದಿ ಹಿಡಿಸುವ ವಿಚಾರ, ಏಳನೆಯದು ಮತ್ತೆ ಕೆರೆ. ನನ್ನ ಹಳೆಯ ಸೀರೆಗಳು ಮುಗಿದು ಅಕ್ಕನ ಸೀರೆಗಳಿಗೆ ಕೈ ಹಾಕಿದ್ದೆ. ಕೊನೆಯ ಸಭೆಯಲ್ಲಿ ಎಂಟನೆಯದನ್ನು ಬದಲಾಯಿಸಿ ಮನೆಯನ್ನು ನೇರಕ್ಕೆ ತಂದುಬಿಡುವುದೆಂದು ಮಲ್ಲೇಶಿ ಗೊತ್ತುಮಾಡಿದ್ದ. ಆದರೆ ಆ ಸಭೆಗೆ ಬಂದವರು ಹೂವಿನ ಮಾರುಕಟ್ಟೆಯವರು. ಅವರು ಏನನ್ನೂ ಕೇಳಲೇ ಇಲ್ಲ. "ನಿಮ್ಗೇನು ಬೇಕು ಹೇಳಿ, ಏನ್ ಬೇಕಾದ್ರೂ ಹೇಳಿ" ಎಂದು ಕಪನಯ್ಯನವರು ಮೈಕಿನಲ್ಲಿ ಮೂರು ಸಲ ಅಂಗಲಾಚಿದರೂ ಅವರು, "ಊಟ ಎಷ್ಟ್ ಹೊತ್ಗೆ?" ಅಂದರಂತೆ. ಅಲ್ಲಿಗೆ ಪ್ರಚಾರದ ಗಡುವು ಮುಗಿಯಿತು. ಇನ್ನು ಸಭೆ ಮಾಡುವ ಹಾಗಿಲ್ಲ. ಮನೆ ಏಳು ತಿರುವು ತಿರುಗಿ ಗೆರೆಗೆ ಕಾಲು ಸುತ್ತು ದೂರ ನಿಂತಿತ್ತು. ನಾಡಿದ್ದು ತಟ್ಟಿ ಬಿಚ್ಚುವ ದಿನ.

ಮಧ್ಯಾಹ್ನ ಅವರ ನಡುಮನೆಯಲ್ಲಿ ನಡೆದ ಮಾತು ನಮ್ಮ ಕೋಣೆಗೆ ಚೆನ್ನಾಗಿ ಕೇಳುತ್ತಿತ್ತು. ನಡುವೆ ಇರುವುದು ಒಂದೇ ಗೋಡೆ.

"ಸಭೆ ಬೇಡಣ್ಣ, ನಾಲ್ಕು ಜನ ಸಾಕ್ಷಿ ಇದ್ರೆ ಸಾಕು" ಎನ್ನುತ್ತಿದ್ದ ಮಲ್ಲೇಶಿ. "ಮನೇಲೇ ಯಾವ್ದಾದ್ರೂ ಒಂದ್ ಮಾತು ಮುರೀರಿ. ಅತ್ತಿಗೆಗೆ ಕೊಟ್ಟಿದ್ದು ಯಾವ್ದಾದ್ರೂ ಇದ್ಯಾ?"

"ನನಗೆ ಇವರು ಮಾತು ಕೊಟ್ಟಿದ್ದೇ ಇಲ್ಲ, ಮುರಿಯೋಕೇನಿದೆ?" ಅಂದರು ಸಾಕಮ್ಮನವರು. "ಮದುವೇಲಿ ಕೂಡ ಪುರೋಹಿತ್ರು ಹೇಳ್ಕೊಟ್ಟಿದ್ದಕ್ಕೆ ಆಗ್ಲಿ ಆಗ್ಲಿ ಅಂದ್ರು, ಅಷ್ಟೇ."

ಅಕ್ಕ ಗೋಡೆಗೆ ಒರಗಿ ಕೂತಿದ್ದವಳು, "ಗಂಗಮ್ಮ, ಆ ಕಬ್ಬಿಣದ ಪೆಟ್ಟಿಗೆ ಈಚೆಗೆ ಎಳಿ" ಅಂದಳು. ನನಗೆ ಅರ್ಥವಾಗಲಿಲ್ಲ. ಅವಳಿಗೆ ಆಗಿತ್ತು. ಆ ಮನುಷ್ಯ ಮುರಿಯದೆ ಉಳಿಸಿಕೊಂಡಿದ್ದ ಮಾತು ಇನ್ನು ಒಂದೇ ಒಂದಿತ್ತು.

ಕಪನಯ್ಯನವರು ನಮ್ಮ ಬಾಗಿಲಿಗೆ ಬಂದು ನಿಂತರು. ಸಾಕ್ಷಿಗೆ ಮಲ್ಲೇಶಿ, ಸಾಕಮ್ಮನವರು, ಗಿರಣಿಯ ಇಬ್ಬರು ಆಳುಗಳು. ಆಳುಗಳು ನೆಲ ನೋಡುತ್ತಿದ್ದರು. ಸಾಕಮ್ಮನವರು ಗಂಡನನ್ನು ನೋಡುತ್ತಿದ್ದರು, ನೆಲ ನೋಡಿದ್ದರೆ ವಾಸಿಯಿತ್ತು.

"ಅಕ್ಕಯ್ಯ... ಈ ಕೋಣೆ... ನಿಮಗೆ ಇನ್ನು..." ಎಂದು ಅವರು ತೊದಲಿದರು. "ಬಿಡ್ಬೇಕಾಗುತ್ತೆ ಅಕ್ಕಯ್ಯ."

"ಸುಮ್ನೆ ಬಾಯ್ಮಾತಿಗೆ ಅಷ್ಟೇ ಕಣಜ್ಜಿ" ಎಂದು ಮಲ್ಲೇಶಿ ಸೇರಿಸಿದ.

"ಬಾಯ್ಮಾತಾದ್ರೆ ಆಮೇಲೆ ವಾಪಸ್ ತಗೋಬಹುದಾ?" ಎಂದು ನಾನು ಕೇಳಿದೆ.

ಮಲ್ಲೇಶಿ ಬೆರಳು ಮಡಚಿ ನೋಡಿಕೊಂಡ. "ವಾಪಸ್ ತಗೊಂಡ್ರೆ ಒಂಬತ್ತಾಗುತ್ತಲ್ಲ ಗಂಗಮ್ಮ, ಮತ್ತೆ ತಿರುಗಿಬಿಡುತ್ತೆ. ಲಾಡ್ಜ್ ಹಿಂದೆ ಒಂದ್ ರೂಮ್ ನೋಡಿದೀನಿ. ಮೂರನೇ ಮಹಡಿ, ಒಳ್ಳೇ ಗಾಳಿ."

ಅಕ್ಕ ನಕ್ಕಳು. "ಕಣ್ಣಿಲ್ದೋಳಿಗೆ ಮೂರನೇ ಮಹಡಿ! ಏಳು ಹೆಜ್ಜೆ ಕಲಿಯೋಕೆ ನನಗೆ ಒಂದ್ ವರ್ಷ ಆಯ್ತು ಕಣೋ. ಮೂರು ಮಹಡಿ ಮೆಟ್ಲು ಕಲಿಯೋ ಅಷ್ಟ್ರಲ್ಲಿ ನನ್ನ ಕೆಳಗಿಳಿಸೋಕೆ ನಾಲ್ಕು ಜನ ಬರ್ತಾರೆ." ಆಮೇಲೆ ಕಪನಯ್ಯನವರ ಉಸಿರು ಎಲ್ಲಿದೆ ಎಂದು ಗುರುತಿಸಿ ಆ ಕಡೆ ಮುಖ ತಿರುಗಿಸಿ, "ಆಗ್ಲಪ್ಪ" ಅಂದಳು. ಅವರದೇ ಮಾತನ್ನು ಅವರಿಗೇ ಕೊಟ್ಟಳು. ಅವರು ತಲೆ ತಗ್ಗಿಸಿಕೊಂಡು ಹೋದರು.

ನಾವು ಸಾಮಾನು ಕಟ್ಟಿದೆವು. ಎಷ್ಟು ಸಾಮಾನು, ಒಂದು ಪೆಟ್ಟಿಗೆ, ಎರಡು ಚಾಪೆ, ಜರಡಿ. ಸೀರೆಯಂತೂ ಇರಲಿಲ್ಲ, ಎಲ್ಲ ಮನೆಗೆ ಸುತ್ತಿಕೊಂಡಿದ್ದವು. ಬೆಳಗಾಗುವಷ್ಟರಲ್ಲಿ ಮನೆ ಎಂಟನೇ ತಿರುವು ತಿರುಗಿ ಗೆರೆಯ ಮೇಲೆ ಬಂದು ನಿಂತಿತ್ತು.

ಆ ದಿನವೆಲ್ಲ ಮಲ್ಲೇಶಿ ಗುರುತು ಅಳಿಸುವ ಕೆಲಸದಲ್ಲಿದ್ದ. ದಸ್ತಗೀರ್ ಸಾಹೇಬರನ್ನು ಕರೆಸಿ, ಮನೆಗೆ ಎರಡು ಸುತ್ತು ಸುತ್ತಿದ್ದ ತಂತಿಯನ್ನು ಬಿಚ್ಚಿಸಿ ನೇರವಾಗಿ ಹಾಕಿಸಿದ. ಎಮ್ಮೆ ಕೊಟ್ಟಿಗೆಯ ಕಡೆ ಸಾಕಮ್ಮನವರು ಹಾಕಿದ್ದ ರಂಗೋಲಿಯನ್ನು ತಾನೇ ನೀರು ಹಾಕಿ ತಿಕ್ಕಿದ. ನಮ್ಮ ಹಗ್ಗವನ್ನೂ ನೋಡಿದ. ಅವನು ಅದನ್ನು ನಮ್ಮ ಬಟ್ಟೆ ಒಣಗಿಸುವ ಹಗ್ಗ ಅಂದುಕೊಂಡಿದ್ದ. ಅದರ ಮೇಲೆ ನಮ್ಮ ಟವೆಲ್ಲು, ಸಾಕಮ್ಮನವರ ಮಸಿಬಟ್ಟೆ ಇದ್ದವು. ಇಬ್ಬರು ಮುದುಕಿಯರ ಹಗ್ಗ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಯಾರು ನೋಡುತ್ತಾರೆ. "ಪರ್ವಾಗಿಲ್ವೇ, ಮನೆ ಸುತ್ತಾ ಇದೆ. ತೋರಣಕ್ಕೆ ಬೇರೆ ಹಗ್ಗ ತರೋದು ತಪ್ತು" ಎಂದು ಟವೆಲ್ಲು ತೆಗೆದು, ಅದರ ಉದ್ದಕ್ಕೂ ಮಾವಿನೆಲೆ, ಬಣ್ಣದ ಕಾಗದದ ಬಾವುಟ ಕಟ್ಟಿಸಿದ. ಅಕ್ಕನ ಹಗ್ಗಕ್ಕೆ ಅಂಥ ಅಲಂಕಾರ ಯಾವ ಕಾಲಕ್ಕೂ ಆಗಿರಲಿಲ್ಲ.

ಮಾರನೇ ಬೆಳಿಗ್ಗೆ ಒಂಬತ್ತಕ್ಕೆ ತಟ್ಟಿ ಬಿಚ್ಚಿದರು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಬೆಸ್ತರು ಒಂದು ಕಡೆ, ಲಾರಿಯವರು ಇನ್ನೊಂದು ಕಡೆ. ಎದುರಾಳಿ ಪುಟ್ಟರಂಗಪ್ಪನವರ ಕಡೆಯವರು ಮುಂದೆಯೇ ಕೂತಿದ್ದರು. ಪುಟ್ಟರಂಗಪ್ಪನವರ ಮನೆಯನ್ನು ಆಗಲೇ ನೋಡಿ ಬಂದಾಗಿತ್ತು. ಅದು ತಿರುಗಿರಲಿಲ್ಲ, ಏಕೆಂದರೆ ಅವರು ತಿಂಗಳೆಲ್ಲ ಕೈ ಮುಗಿದದ್ದು ಬಿಟ್ಟರೆ ಒಂದು ಮಾತೂ ಆಡಿರಲಿಲ್ಲ.

ಚಿಕ್ಕಣ್ಣ ಮೇಷ್ಟ್ರು ಕನ್ನಡಕ ಏರಿಸಿ, ಹೊಸ್ತಿಲ ನಡುವಿನಿಂದ ಗೆರೆಗೆ ದಾರ ಹಿಡಿದು ನೋಡಿದರು. ಬಗ್ಗಿ ನೋಡಿದರು, ಎದ್ದು ನೋಡಿದರು. "ಸರಿ ಇದೆ" ಅಂದರು. "ಒಂದು ನೂಲೂ ಆಚೀಚೆ ಇಲ್ಲ."

ಬೆಸ್ತರು ಹೋ ಎಂದರು, ಕೆರೆ ಉಳಿಯಿತೆಂದು. ಲಾರಿಯವರೂ ಹೋ ಎಂದರು, ಕೆರೆ ಹೋಯಿತೆಂದು. ಒಬ್ಬರನ್ನೊಬ್ಬರು ನೋಡಿ ಇಬ್ಬರೂ ಸ್ವಲ್ಪ ಗೊಂದಲಗೊಂಡರು. ಆದರೆ ಮನೆ ನೇರವಾಗಿತ್ತಲ್ಲ, ಏನು ಹೇಳುವುದು. ಕಪನಯ್ಯನವರು ಬಾಗಿಲಲ್ಲಿ ಕೈ ಮುಗಿದು ನಿಂತಿದ್ದರು. ಗೆದ್ದವರ ಮುಖ ಇರಲಿಲ್ಲ ಅವರಿಗೆ.

ಹಿಂದೆ ಕೋಣೆಯಲ್ಲಿ ನಾನು ಚಾಪೆ ಬಿಗಿಯುತ್ತಿದ್ದೆ. ಅಕ್ಕ ಕೊಡ ತೆಗೆದುಕೊಂಡಳು.

"ಎಲ್ಲಿಗಕ್ಕ? ಜನ ಇದಾರೆ."

"ಇದ್ರೆ ಇರ್ಲಿ. ನೀರಿಗೂ ಅವರ್ನ ಕೇಳ್ಬೇಕಾ? ಬಾಯಾರಿದೆ" ಎಂದು ಹಗ್ಗ ಹಿಡಿದು ಹೊರಟುಬಿಟ್ಟಳು. ನಾನು ಹಿಂದೆಯೇ ಹೋದೆ.

ಅಕ್ಕ ಜಗಲಿಯ ಮೂಲೆ ತಿರುಗಿ, ಮಾವಿನೆಲೆಗಳನ್ನು ಒಂದೊಂದಾಗಿ ಸವರುತ್ತ ಮುಂಬಾಗಿಲಿಗೆ ಬಂದಳು. ಕೈ ಮೇಲೆತ್ತಿ ಬಾಗಿಲು ದಾಟಿದಳು. ಕಪನಯ್ಯನವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಜನ ನಕ್ಕರು. "ಏನಜ್ಜಿ, ನೀವೂ ಎಲೆಕ್ಷನ್‌ಗೆ ನಿಂತ್ರಾ?" ಎಂದು ಯಾರೋ ಕೂಗಿದರು. "ನೀರಿಗೆ ಕಣಪ್ಪ" ಎಂದು ಅಕ್ಕ ಆಚೆ ಮೂಲೆಯಲ್ಲಿ ಮರೆಯಾದಳು.

ಸ್ವಲ್ಪ ಹೊತ್ತಿಗೆ ಮತ್ತೆ ಈಚೆ ಮೂಲೆಯಿಂದ ಬಂದಳು. ಕೊಡ ಖಾಲಿಯೇ ಇತ್ತು. ಮತ್ತೆ ಕೈ ಮೇಲೆತ್ತಿದಳು. ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ದಾರ ಸುತ್ತುತ್ತಿದ್ದವರು ಕೈ ನಿಲ್ಲಿಸಿ, "ನರಸಮ್ಮ, ನಲ್ಲಿ ಇರೋದು ನಿಮ್ಮ ಬಾಗಿಲ ಎದುರಿಗೇ ಅಲ್ವಾ?" ಅಂದರು.

"ಹೂಂ ಮೇಷ್ಟ್ರೇ."

"ಮತ್ತೆ ಹೀಗ್ಯಾಕೆ ಬಂದ್ರಿ?"

"ಹಗ್ಗ ಹಿಂಗೆ ಬಂದಿದೆ, ನಾನೂ ಹಿಂಗೆ ಬಂದೆ."

ಮೇಷ್ಟ್ರು ಅವಳ ಹಿಂದೆ ಹೊರಟರು. ಅವರ ಹಿಂದೆ ಅಂಗಳದ ಜನವೆಲ್ಲ ಹೊರಟಿತು. ಅಕ್ಕ ಚಪ್ಪಡಿ ದಾಟಿ, ನಲ್ಲಿ ತಿರುಗಿಸಿ, ಕೊಡ ತುಂಬುತ್ತ ನಿಂತಳು. ಮೇಷ್ಟ್ರು ನಲ್ಲಿಯ ಕಂಬದಿಂದ ಹಗ್ಗ ಹಿಡಿದು ಹಿಂದಕ್ಕೆ ನಡೆದರು: ಹಸಿರು ಸೀರೆ, ಕಾಫಿಪುಡಿ ಬಣ್ಣದ್ದು, ಚೌಕಳಿಯದ್ದು, ಒಂದು ಕಾಲಕ್ಕೆ ನೀಲಿಯಾಗಿದ್ದದ್ದು. ಮನೆಗೆ ಎರಡು ಸುತ್ತು ಬಂದು ನಮ್ಮ ಬಾಗಿಲ ಬಳೆಯ ಮುಂದೆ ನಿಂತರು. ಎಂಟು ಸೀರೆ. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ನನಗೆ ಅಕ್ಷರ, ಲೆಕ್ಕ ಕಲಿಸಿದವರು ಅವರೇ. ಭಾಗಾಕಾರ ಬಾರದೆ ನಾನು ಅತ್ತ ದಿನ ಸ್ಲೇಟು ಒರೆಸಿಕೊಟ್ಟವರು.

"ಗಂಗಮ್ಮ, ಎಂಟನ್ನ ನಾಲ್ಕರಿಂದ ಭಾಗಿಸಿದ್ರೆ?"

"ಎರಡು ಸಾರ್."

"ಶೇಷ?"

"ಸೊನ್ನೆ ಸಾರ್."

"ಸೊನ್ನೆ" ಎಂದು ಅವರು ಬೋಳು ತಲೆ ಸವರಿಕೊಂಡರು. "ಶೇಷ ಸೊನ್ನೆ ಬಂದ್ರೆ ಲೆಕ್ಕ ಸರಿ ಅಂತ ನಾನೇ ಹೇಳ್ಕೊಟ್ಟೆ." ಆಮೇಲೆ ಜನದ ಕಡೆ ತಿರುಗಿದರು. "ನನ್ನ ಕೆಲಸ ಗೆರೆ ನೋಡೋದು. ಗೆರೆ ಸರಿ ಇದೆ. ಹಗ್ಗ ನೀವು ನೋಡ್ಕೊಳ್ಳಿ."

ಜನ ನೋಡಿಕೊಂಡಿತು. ಮೊದಲು ಬೆಸ್ತರಲ್ಲಿ ಒಬ್ಬ ನಕ್ಕ, ಆಮೇಲೆ ಲಾರಿಯವರು, ಆಮೇಲೆ ಎಲ್ಲರೂ. ಮಲ್ಲೇಶಿ ನಡುವೆ ನುಗ್ಗಿ, "ಅದು ಬಟ್ಟೆ ಒಣಹಾಕೋ ಹಗ್ಗ ಸ್ವಾಮೀ! ಕಾನೂನು ಪ್ರಕಾರ ಗೆರೆ ಅಷ್ಟೇ!" ಎಂದು ಕೂಗುತ್ತಿದ್ದ. ಆ ಗದ್ದಲದಲ್ಲಿ ನಮ್ಮ ಕೋಣೆಯೊಳಗೆ ಇಣುಕಿದ ಹೆಂಗಸೊಬ್ಬಳು, "ಇದೇನಜ್ಜಿ, ಸಾಮಾನೆಲ್ಲ ಕಟ್ಟಿದೀರಿ?" ಅಂದಳು.

"ಇವತ್ತು ಮನೆ ಬಿಡ್ತೀವಿ. ಇದು ಕೊನೇ ಕೊಡ" ಅಂದಳು ಅಕ್ಕ. ಕೊಡ ತುಂಬಿತ್ತು. ನಲ್ಲಿ ನಿಲ್ಲಿಸಿದಳು. ಅಂಗಳವೂ ನಿಂತಿತು.

"ಯಾಕೆ ಬಿಡ್ತೀರಿ?"

"ಅದನ್ನ ಹೇಳೋ ಹಾಗಿಲ್ಲ ತಾಯಿ. ತಟ್ಟಿ ಒಳಗಿಂದು."

ಜನದ ಹಿಂದೆಯೇ ಜಗಲಿಯ ಮೇಲೆ ಹಿಂಭಾಗಕ್ಕೆ ಬಂದಿದ್ದ ಕಪನಯ್ಯನವರ ಕಡೆ ಎಲ್ಲರೂ ನೋಡಿದರು. ಗಿರಣಿಯ ಸಾಲಿನಲ್ಲಿ ನಿಂತು ಅಂದು ಆ ಮಾತು ಕೇಳಿಸಿಕೊಂಡವರು ಆ ಗುಂಪಿನಲ್ಲಿ ಹತ್ತಾರು ಜನ ಇದ್ದರು. ಮಲ್ಲೇಶಿ ಕಪನಯ್ಯನವರ ಕಿವಿಗೆ ಬಾಯಿ ಹಚ್ಚಿ, "ಅವರೇ ಹೊರಟ್ರು ಅಂದ್ಬಿಡಿ ಅಣ್ಣಾ, ಅವರೇ ಹೊರಟ್ರು ಅಂತ" ಅಂದ. ಜಗಲಿಯ ಕಂಬದಿಂದ ಜಾರಿದ್ದ ಹಗ್ಗವನ್ನು ಸಾಕಮ್ಮನವರು ಎತ್ತಿ ಮತ್ತೆ ಸಿಕ್ಕಿಸಿದರು.

ಕಪನಯ್ಯನವರು ಅಂಗಳಕ್ಕೆ ಇಳಿದರು. ಚಪ್ಪಡಿಯ ಹತ್ತಿರ ಬಂದು ಅಕ್ಕನ ಸೊಂಟದ ಕೊಡಕ್ಕೆ ಕೈ ಹಾಕಿದರು.

"ಬಿಡೋದು ಬೇಡ ಅಕ್ಕಯ್ಯ" ಅಂದರು. ದನಿ ಗಟ್ಟಿಯಾಗಿರಲಿಲ್ಲ, ಆದರೆ ಕೇಳಿಸಿತು. "ಕೋಣೆ ನಿಮ್ದೇ. ನಿಮ್ಮನ್ನ ಹೋಗಿ ಅಂದೋನು ನಾನೇ. ಈಗ ಹೋಗ್ಬೇಡಿ ಅನ್ನೋನೂ ನಾನೇ."

"ಅಣ್ಣಾ!" ಮಲ್ಲೇಶಿ ತಲೆ ಮೇಲೆ ಕೈ ಹೊತ್ತ. "ನಾಳೆ ವೋಟು ಅಣ್ಣಾ! ಬೆಳಿಗ್ಗೆ ಜನ ಬರೋ ಹೊತ್ಗೆ ಮನೆ ಎಮ್ಮೆ ಕಡೆ ತಿರುಗಿರುತ್ತೆ!"

"ಇಲ್ಲ ಮಲ್ಲೇಶಿ" ಅಂದರು ಕಪನಯ್ಯನವರು. "ಆಗಲ್ಲ." ಎದುರಿಗೆ ನಿಂತವರಿಗೆ ಅವರು ಆ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೇಳಿ ಅವರಿಗೇ ಆಶ್ಚರ್ಯವಾದ ಹಾಗಿತ್ತು.

ಸಂಜೆ ನಾನು ಚಾಪೆ ಬಿಚ್ಚಿ ಹಾಸಿದೆ. ಆಮೇಲೆ ನಲ್ಲಿಯ ಕಂಬಕ್ಕೆ ಹೋಗಿ ಒಂಬತ್ತನೇ ಸೀರೆ ಕಟ್ಟಿದೆ. ಅದು ಸಾಕಮ್ಮನವರು ಕೊಟ್ಟದ್ದು. "ಹಳೇದು ಅಂತ ಯಾವ್ದೂ ಉಳ್ದಿಲ್ಲ, ಇದೇ ತಗೋ ಗಂಗಮ್ಮ" ಎಂದು ಜರಿಯಂಚಿನ ದೊಡ್ಡ ಸೀರೆಯನ್ನೇ ಕೊಟ್ಟಿದ್ದರು. ಬೆಳಿಗ್ಗೆ ಕೋಳಿ ಕೂಗಿದಾಗ ಅದು ಬಿಚ್ಚಿಕೊಂಡು ಹೋಯಿತು. ವೋಟಿಗೆ ಹೊರಟ ಜನ ನಮ್ಮ ಬೀದಿಯಲ್ಲೇ ಹೋದರು. ಮನೆ ಅವರಿಗೆ ಪಕ್ಕೆ ತೋರಿಸಿಕೊಂಡು ನಿಂತಿತ್ತು. ಕೆಂಪಣ್ಣನ ಎಮ್ಮೆ ನಡುಮನೆಯೊಳಕ್ಕೆ ಕತ್ತು ಚಾಚಿ ನೋಡುತ್ತಿತ್ತು, ಅದರ ಮುಂದೆ ಸಾಕಮ್ಮನವರು ರಂಗೋಲಿ ಹಾಕುತ್ತಿದ್ದರು.

ಕಪನಯ್ಯನವರು ಹನ್ನೊಂದು ವೋಟಿನಿಂದ ಸೋತರು. ಒಂಬತ್ತು ಸಲ ತಿರುಗಿದವನಿಗೆ ಅಷ್ಟೊಂದು ವೋಟು ಬಿದ್ದದ್ದು ಹೇಗೆಂದು ಊರು ಇಂದಿಗೂ ವಾದ ಮಾಡುತ್ತದೆ. ಒಂಬತ್ತನೇ ತಿರುವಿಗೆ ಬಿದ್ದ ವೋಟು ಅವು ಎಂದು ದಸ್ತಗೀರ್ ಸಾಹೇಬರು ಹೇಳುತ್ತಾರೆ. ಅಕ್ಕ ಯಾರಿಗೆ ಹಾಕಿದಳೋ ನನಗೂ ಹೇಳಲಿಲ್ಲ. ಕೇಳಿದರೆ, "ಕೋಣೆ ಕೊಟ್ಟೋನಿಗೆ ಬಾಡಿಗೆ ಕೊಡ್ತೀನಿ. ವೋಟೂ ಕೊಡ್ತೀನಿ ಅಂದಿದ್ನಾ ನಾನು?" ಅನ್ನುತ್ತಾಳೆ. ಪುಟ್ಟರಂಗಪ್ಪನವರು ಗೆದ್ದರು. ಇಲ್ಲಿಯವರೆಗೂ ಬಾಯಿ ಬಿಟ್ಟಿಲ್ಲ. ಕೆರೆ ಇದ್ದ ಹಾಗೆಯೇ ಇದೆ, ಮುಚ್ಚಲೂ ಇಲ್ಲ, ಹೂಳು ತೆಗೆಯಲೂ ಇಲ್ಲ. ಮಲ್ಲೇಶಿ ಈಗ ಪುಟ್ಟರಂಗಪ್ಪನವರ ಹಿಂದೆ ಓಡಾಡುತ್ತಿದ್ದಾನೆ.

ನಮ್ಮ ಬಾಗಿಲಿಗೆ ಈಗ ಕೆರೆಯ ಕಡೆಯ ಗಾಳಿ. ಅಕ್ಕ ಚರಂಡಿಗೆ ಬಿದ್ದ ಬೆಳಿಗ್ಗೆ ಮನೆ ಯಾವ ಕಡೆ ಮುಖ ಮಾಡಿತ್ತೋ ಅದೇ ಕಡೆ ನಿಂತಿದೆ. ಹಗ್ಗ ನೆಟ್ಟಗೆ ಕಟ್ಟುತ್ತೇನೆಂದರೆ ಅವಳು ಈಗಲೂ ಬಿಡುವುದಿಲ್ಲ. ದಿನಾ ಎರಡೂಕಾಲು ಸುತ್ತು ಹಾಕಿಯೇ ನೀರಿಗೆ ಹೋಗುತ್ತಾಳೆ. ಬರುವಾಗ ಕೊಡ ಹೊರುವುದು ಕಪನಯ್ಯನವರು. ಆದರೆ ಅವರು ಮಾತು ಬಿಟ್ಟುಬಿಟ್ಟಿದ್ದಾರೆ. ಗಿರಣಿಯಲ್ಲಿ "ನುಣ್ಣಗಾ, ತರಿಯಾ?" ಎಂದು ಸನ್ನೆಯಲ್ಲೇ ಕೇಳುತ್ತಾರೆ. ಕಾಫಿ ಬೇಕೇ ಎಂದು ಸಾಕಮ್ಮನವರು ಕೇಳಿದರೂ ಒಮ್ಮೆ ಕರೆಂಟು ಕಂಬದ ಕಡೆ ನೋಡಿ ಸುಮ್ಮನಾಗುತ್ತಾರೆ.

ಮೊನ್ನೆ ಅಕ್ಕ ನಲ್ಲಿಯ ಹತ್ತಿರ ಕೊಡವನ್ನು ಅವರ ಕೈಗೆ ಕೊಟ್ಟು, "ಇವತ್ತು ಬಿಸಿಲು ಜಾಸ್ತಿ ಅಲ್ವೇನಪ್ಪ?" ಎಂದು ಕೇಳಿದಳು. ಅವರು ಬಾಯಿ ತೆರೆದು ಮುಚ್ಚಿದರು. ಅಕ್ಕ ಕಂಬ ತಡವಿ, ಅದಕ್ಕೆ ಸುತ್ತಿಕೊಂಡು ಉಳಿದಿದ್ದ ಸಾಕಮ್ಮನವರ ಸೀರೆಯ ಜರಿಯಂಚನ್ನು ಮೊಳ ಹಾಕಿ ಅಳೆದಳು.

"ಇನ್ನೂ ನಾಲ್ಕು ಮೊಳ ಮಿಕ್ಕಿದೆ, ಸಾಲ್ದಿದ್ರೆ ಗಂಗಮ್ಮ ಕಟ್ತಾಳೆ" ಅಂದಳು. "ಮಾತಾಡೋ ತಮ್ಮಾ."